ಕಿಟ್ಟೆಲ್ ಸಾಹೇಬರೂ ನಮ್ಮ ಅಪ್, ಆಫ್, ಔಟ್‌ಗಳೂ

ಹೋದ ಸೆಮಿಸ್ಟರಿನ ಅಣಕು ಇಂಟರ್ವ್ಯೂನಲ್ಲಿ ನನ್ನ ರೂಮ್‌ಮೇಟ್ ತನ್ನ ಪ್ರಾಜೆಕ್ಟ್ ಬಗ್ಗೆ ಹೇಳ್ತಾ, ಸರ್ವರನ್ನು ನಾನೇ ನೋಡಿಕೊಂಡೆ ಅನ್ನೋದಕ್ಕೆ 'ಐ ಲುಕ್ಡ್ ದ ಸರ್ವರ್ ಆಫ್ಟರ್' ಅಂದುಬಿಟ್ಟ. ಎದುರಿಗಿದ್ದವರು ನಕ್ಕರು. ಬೆಳ್ತಂಗಡಿ ಕಡೆಯ ಹುಡುಗ, ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಕೋಡಿಂಗ್‌ನಲ್ಲಿ ನಮಗೆಲ್ಲ ಅವನೇ ಗುರು. ಆದರೆ ಅವತ್ತಿನಿಂದ ಗ್ರೂಪ್ ಡಿಸ್ಕಷನ್‌ನಲ್ಲಿ ಬಾಯಿ ತೆರೆಯೋದನ್ನೇ ನಿಲ್ಲಿಸಿದ. ಈ ಅಪ್, ಆಫ್, ಔಟ್ ಎಲ್ಲಾ ನಮ್ಮಂಥವರ ತಲೆಗೆ ಹತ್ತೋದಲ್ಲ ಮಾರಾಯ, ಅಂತ ಅವನ ವಾದ.

ಅವನಿಗೆ ಸಮಾಧಾನ ಹೇಳೋಕೆ ಹೋಗಿ ನಾನು ಓದಿದ್ದು ಫರ್ಡಿನೆಂಡ್ ಕಿಟ್ಟೆಲ್ ಅವರ ಜೀವನ. ಕಿಟ್ಟೆಲ್ ನಿಘಂಟು ಅಂತ ಹೈಸ್ಕೂಲಿನಲ್ಲಿ ಎಲ್ಲರೂ ಕೇಳಿರ್ತೀವಿ. ಒಂದು ಮಾರ್ಕಿನ ಪ್ರಶ್ನೆಗೆ ಉತ್ತರ ಬರೆದು ಮರೆತೂ ಇರ್ತೀವಿ. ಆದರೆ ಆ ಮನುಷ್ಯನಿಗೆ ಕನ್ನಡವೂ ಮಾತೃಭಾಷೆಯಲ್ಲ, ಇಂಗ್ಲಿಷೂ ಮಾತೃಭಾಷೆಯಲ್ಲ ಅನ್ನೋದನ್ನು ನಾನಂತೂ ಯೋಚಿಸಿರಲಿಲ್ಲ. ಕಲಿತ ಒಂದು ಭಾಷೆಯನ್ನು ಕಲಿತ ಇನ್ನೊಂದು ಭಾಷೆಯಲ್ಲಿ ವಿವರಿಸಿ 1,700ಕ್ಕೂ ಹೆಚ್ಚು ಪುಟ ಬರೆದವರು ಅವರು.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ಉತ್ತರದ ಕಡಲತೀರದ ಈಸ್ಟ್ ಫ್ರೀಸಿಯಾ ಪ್ರದೇಶದ ಒಂದು ಹಳ್ಳಿಯಲ್ಲಿ. ನಮ್ಮ ಹಾಗೆಯೇ ಕರಾವಳಿಯವರು ಅನ್ನಿ. ತಂದೆ ಚರ್ಚಿನ ಪಾದ್ರಿ. 1850ರಲ್ಲಿ ಕಿಟ್ಟೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು. 1853ರಲ್ಲಿ ಭಾರತಕ್ಕೆ ಬಂದರು. ಆಗ ಅವರ ವಯಸ್ಸು 21, ಅಂದರೆ ಫೈನಲ್ ಇಯರ್ ಹುಡುಗರ ವಯಸ್ಸು. ಬಂದದ್ದು ಧರ್ಮಪ್ರಚಾರಕ್ಕೆ. ಆದರೆ ಮನಸ್ಸು ಹತ್ತಿದ್ದು ಭಾಷೆಗೆ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಅಂತ ಊರೂರಲ್ಲಿ ಇದ್ದು ಜನ ಆಡುವ ಮಾತು, ಗಾದೆ, ಹಳಗನ್ನಡ ಕಾವ್ಯ ಎಲ್ಲವನ್ನೂ ಕಲಿತರು. ಪಾದ್ರಿಗೆ ಇಷ್ಟೆಲ್ಲ ಪಾಂಡಿತ್ಯ ಯಾಕೆ ಅನ್ನುವವರು ಅವರ ಮಿಷನ್ನಿನಲ್ಲೇ ಇದ್ದರು. ಆದರೂ ಕಿಟ್ಟೆಲ್ ಬಿಡಲಿಲ್ಲ.

ಮನೆಯ ಕಡೆ ಸುಖ ಕಡಿಮೆ. 1860ರಲ್ಲಿ ಪಾಲೀನ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷದಲ್ಲಿ ಆಕೆ ತೀರಿಹೋದರು. ಮೂರು ವರ್ಷದ ನಂತರ ಆಕೆಯ ತಂಗಿ ಜೂಲಿಯವರನ್ನು ಮದುವೆಯಾದರು. ಈ ಮಧ್ಯೆ 1862ರಲ್ಲಿ ಏಸುವಿನ ಕತೆಯನ್ನು ನಮ್ಮ ಛಂದಸ್ಸಿನಲ್ಲೇ ಬರೆದು 'ಕಥಾಮಾಲೆ' ಪ್ರಕಟಿಸಿದ್ದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ', ಎರಡನ್ನೂ ಸಂಪಾದಿಸಿದರು. ಮೂಡುಬಿದಿರೆಯ ಮಠದಲ್ಲಿ ತಾಳೆಗರಿ ಗ್ರಂಥ ನೋಡಿದವರಿಗೆ ಗೊತ್ತು, ಅದರ ಒಂದು ಸಾಲು ಓದೋದೇ ಎಷ್ಟು ಕಷ್ಟ ಅಂತ. ಅಂಥ ಗರಿಗಳನ್ನು ಹೋಲಿಸಿ ಹೋಲಿಸಿ ಓದಿ ಅಚ್ಚಿಗೆ ಸಿದ್ಧಮಾಡುವ ಕೆಲಸ ಅದು.

ಇಷ್ಟರಲ್ಲಿ ನಿಘಂಟಿನ ಕೆಲಸ ಹೆಗಲಿಗೆ ಬಂತು. ಒಂದೊಂದು ಪದ ಯಾವ ಕಾವ್ಯದಲ್ಲಿದೆ, ಯಾವ ಗಾದೆಯಲ್ಲಿದೆ, ತುಳು, ತಮಿಳು, ತೆಲುಗು, ಮಲಯಾಳದಲ್ಲಿ ಅದರ ನೆಂಟರು ಯಾರು ಅಂತೆಲ್ಲ ಹುಡುಕಬೇಕು. ಎಕ್ಸೆಲ್ ಇಲ್ಲ, ಸರ್ಚ್ ಇಲ್ಲ, ಬ್ಯಾಕಪ್ ಇಲ್ಲ. 1877ರಲ್ಲಿ ಊರಿಗೆ ಹೋದವರು, ಈ ಕೆಲಸ ಜರ್ಮನಿಯಲ್ಲಿ ಕೂತು ಆಗುವಂಥದ್ದಲ್ಲ ಅಂತ 1883ರಲ್ಲಿ ಮತ್ತೆ ಬಂದರು. ಆಗ ಅವರಿಗೆ 51.

ಈಗ ನಮ್ಮ ಅಪ್, ಆಫ್ ವಿಷಯಕ್ಕೆ ಬರೋಣ. ಕನ್ನಡದ 'ಬಿಡು' ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಬರೆಯಲು ಕೂತುಕೊಳ್ಳಿ. 'ಲೀವ್' ಅಂದರೆ ಮುಗೀತಾ? ಸಿಗರೇಟು ಬಿಟ್ಟ ಅಂದರೆ 'ಗಿವ್ ಅಪ್'. ಒಂದು ಸಾಲು ಬಿಟ್ಟುಹೋಯ್ತು ಅಂದರೆ 'ಲೀವ್ ಔಟ್'. ಬಸ್‌ಸ್ಟ್ಯಾಂಡಿಗೆ ಬಿಟ್ಟೆ ಅಂದರೆ 'ಡ್ರಾಪ್ ಆಫ್'. ಕನ್ನಡದ ಒಂದು ಕ್ರಿಯಾಪದಕ್ಕೆ ಅರ್ಥ ಹೇಳೋಕೆ ಇಂಗ್ಲಿಷಿನ ಕ್ರಿಯಾಪದ ಒಂದೇ ಸಾಲಲ್ಲ, ಪಕ್ಕದಲ್ಲೊಂದು ಪುಟ್ಟ ಪದ ಬೇಕು. ಕನ್ನಡ-ಇಂಗ್ಲಿಷ್ ನಿಘಂಟು ಬರೆಯುವವನಿಗೆ ಇದು ಪುಟಪುಟಕ್ಕೂ ಎದುರಾಗುವ ಸಮಸ್ಯೆ.

ಕಿಟ್ಟೆಲ್‌ಗೆ ಈ ಪುಟ್ಟ ಪದಗಳು ಹೊಸತೇನಲ್ಲ. ಅವರ ಜರ್ಮನ್‌ನಲ್ಲೂ ಇವು ಇವೆ. 'ಗೇಬನ್' ಅಂದರೆ ಕೊಡು, 'ಔಫ್' ಅಂದರೆ ಮೇಲೆ, ಎರಡೂ ಸೇರಿದ 'ಔಫ್‌ಗೇಬನ್' ಅಂದರೆ ಬಿಟ್ಟುಬಿಡು. ಥೇಟ್ ಇಂಗ್ಲಿಷಿನ 'ಗಿವ್ ಅಪ್'. ವಾಕ್ಯದಲ್ಲಿ ಬಳಸುವಾಗ ಆ 'ಔಫ್' ಕಳಚಿಕೊಂಡು ಎಷ್ಟೋ ಸಲ ಕೊನೆಗೆ ಹೋಗಿ ಕೂರುತ್ತದೆ.

ಕನ್ನಡದಲ್ಲಿ? ನಮ್ಮಲ್ಲಿ ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಬರುತ್ತದೆ. ನೋಡು, ನೋಡಿಕೋ. 'ಲುಕ್', 'ಲುಕ್ ಆಫ್ಟರ್'. ಬರೆ, ಬರೆದುಕೋ. 'ರೈಟ್', 'ರೈಟ್ ಡೌನ್'. ಹರಿ, ಹರಿದುಹಾಕು. 'ಟೇರ್', 'ಟೇರ್ ಅಪ್'. ಬರೆದುಕೋ ಅಂದಾಗ ಅಲ್ಲಿ ಯಾರೂ ಏನೂ ಕೊಳ್ಳುವುದಿಲ್ಲ, 'ರೈಟ್ ಡೌನ್' ಅಂದಾಗಲೂ ಯಾವುದೂ ಕೆಳಗೆ ಬೀಳುವುದಿಲ್ಲ. ಇಂಗ್ಲಿಷಿನ ಅಪ್, ಡೌನ್, ಔಟ್ ಮಾಡುವ ಕೆಲಸದಲ್ಲಿ ಎಷ್ಟೋ ಪಾಲನ್ನು ನಮ್ಮ ಬಿಡು, ಹಾಕು, ಹೋಗು, ಕೊಳ್ಳು ಮಾಡುತ್ತವೆ. ಒಂದಕ್ಕೆ ಒಂದು ಅಂತ ಟೇಬಲ್ ಹಾಕೋಕೆ ಬರಲ್ಲ, ಆದರೆ ಉಪಾಯ ನಮಗೆ ಗೊತ್ತಿರುವಂಥದ್ದೇ.

ಹಾಗಾದರೆ ನನ್ನ ರೂಮ್‌ಮೇಟ್ ಎಡವಿದ್ದು ಎಲ್ಲಿ? ಈ ಪುಟ್ಟ ಪದಗಳಲ್ಲಿ ಎರಡು ಜಾತಿ. 'ಟರ್ನ್ ಆಫ್ ದ ಫ್ಯಾನ್' ಅನ್ನಬಹುದು, 'ಟರ್ನ್ ದ ಫ್ಯಾನ್ ಆಫ್' ಅಂತಲೂ ಅನ್ನಬಹುದು. ಫ್ಯಾನ್ ಬದಲು 'ಇಟ್' ಬಂದರೆ ಮಾತ್ರ 'ಟರ್ನ್ ಇಟ್ ಆಫ್' ಅಂತಲೇ ಆಗಬೇಕು. ಇಲ್ಲಿ 'ಆಫ್' ಕ್ರಿಯಾವಿಶೇಷಣ, ಕ್ರಿಯಾಪದದ ಜೊತೆಗಾರ, ಜಾಗ ಬದಲಿಸುತ್ತದೆ. 'ಲುಕ್ ಆಫ್ಟರ್'ನಲ್ಲಿರುವ 'ಆಫ್ಟರ್' ಹಾಗಲ್ಲ. ಅದು ಪ್ರಿಪೊಸಿಷನ್, ಮುಂದಿನ ನಾಮಪದಕ್ಕೆ ಅಂಟಿಕೊಂಡದ್ದು, ಹೆಚ್ಚುಕಡಿಮೆ ನಮ್ಮ ವಿಭಕ್ತಿ ಇದ್ದ ಹಾಗೆ. ವಿಭಕ್ತಿಯನ್ನು ನಾಮಪದದಿಂದ ದೂರ ಇಡೋಕೆ ಆಗ್ತದಾ? ಅವನು ಎರಡನೇ ಜಾತಿಗೆ ಮೊದಲನೆಯದರ ನಿಯಮ ಹಾಕಿದ, ಅಷ್ಟೇ. ತಪ್ಪು ಹೌದು, ದಡ್ಡತನ ಅಲ್ಲ.

ಎರಡೂ ಜಾತಿ ಒಟ್ಟಿಗೆ ಬರುವುದೂ ಉಂಟು. 'ಗೆಟ್ ಆನ್ ವಿತ್ ಹಿಮ್' ಅನ್ನುವಾಗ 'ಆನ್' ಕ್ರಿಯೆಯ ಅರ್ಥ ತಿರುಗಿಸುತ್ತದೆ, 'ವಿತ್' ಆ ಮನುಷ್ಯನನ್ನು ಜೋಡಿಸುತ್ತದೆ. ಕನ್ನಡದಲ್ಲಿ ಹೇಳಿನೋಡಿ: ಅವನ ಜೊತೆ ಹೊಂದಿಕೊಂಡು ಹೋಗು. ಹೊಂದು, ಕೊಳ್ಳು, ಹೋಗು ಮೂರೂ ಒಂದು ಕಡೆ, 'ಜೊತೆ' ಅವನ ಪಕ್ಕದಲ್ಲಿ. ಇಷ್ಟನ್ನು ಯೋಚನೆಯೇ ಮಾಡದೆ ಆಡುವವರು ನಾವು.

ಕಿಟ್ಟೆಲ್ 1892ರಲ್ಲಿ ಜರ್ಮನಿಗೆ ಮರಳಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಿಂದ ಪ್ರಕಟವಾಯಿತು, ಸುಮಾರು 70,000 ಪದಗಳೊಂದಿಗೆ. ಅದಕ್ಕೂ ಮೊದಲು, 1886ರಲ್ಲಿ, ಅದೇ ಮಿಷನ್ನಿನ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟೂ ಮಂಗಳೂರಿನಲ್ಲೇ ಅಚ್ಚಾಗಿತ್ತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಿಟ್ಟೆಲ್‌ಗೆ ಡಾಕ್ಟರೇಟ್ ಕೊಟ್ಟಿತು. ಆಮೇಲೂ ಸುಮ್ಮನೆ ಕೂರಲಿಲ್ಲ, ಇಂಗ್ಲಿಷಿನಲ್ಲೇ ಕನ್ನಡ ವ್ಯಾಕರಣ ಬರೆದರು. ಅದು ಹೊರಬಂದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.

ಅವರ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಅವರು ಸಂಪಾದಿಸಿದ್ದ 'ಶಬ್ದಮಣಿದರ್ಪಣ'ವನ್ನು ಆಮೇಲೆ ಪರಿಷ್ಕರಿಸಿದವರು ನಮ್ಮ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು. ನಾವು ಚಿಕ್ಕವರಿದ್ದಾಗ ಹಾಡಿದ ನಾಗರಹಾವಿನ ಪದ್ಯದ ಪಂಜೆಯವರೇ. ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ತಂದವರು ಮದ್ರಾಸ್ ವಿಶ್ವವಿದ್ಯಾಲಯದ ಎಂ. ಮರಿಯಪ್ಪ ಭಟ್ಟರು.

ಇದನ್ನೆಲ್ಲ ಒಂದು ರಾತ್ರಿ ಮೆಸ್ಸಿನಿಂದ ಬರ್ತಾ ರೂಮ್‌ಮೇಟ್‌ಗೆ ಹೇಳಿದೆ. ಕಿಟ್ಟೆಲ್‌ಗೆ ಇಂಗ್ಲಿಷ್ ಕಲಿಯೋಕೆ ಎಷ್ಟು ವರ್ಷ ಹಿಡೀತು ಅಂತ ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಮರುದಿನ ಆ ನೂರು ಫ್ರೇಸಲ್ ವರ್ಬ್‌ಗಳ ಹಾಳೆ ತೆಗೆದು, ಒಂದೊಂದರ ಎದುರು ಕನ್ನಡ ಬರೆಯೋಕೆ ಶುರುಮಾಡಿದ. ಶುಕ್ರವಾರದ ಗ್ರೂಪ್ ಡಿಸ್ಕಷನ್‌ಗೆ ಬರ್ತೇನೆ ಅಂದಿದ್ದಾನೆ. ಕಿಟ್ಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿ ನೆಟ್ಟಿನಲ್ಲಿ ಪುಕ್ಕಟೆ ಸಿಗ್ತದೆ. ನೀವೂ ತೆರೆದು 'ಹಾಕು' ಅನ್ನೋ ಒಂದೇ ಪದ ನೋಡಿ. ಅಂಗಿ ಹಾಕು, ಬಾಗಿಲು ಹಾಕು, ಲೈಟು ಹಾಕು, ಹೊರಗೆ ಹಾಕು. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಯಾವ ಪುಟ್ಟ ಪದ ಬೇಕು ಅಂತ ಬರೆದುಕೊಳ್ಳಿ.