ಅಪ್ಪನ ಆಸೆಗೆ ಮೆಕ್ಯಾನಿಕಲ್, ತಮ್ಮ ಆಸೆಗೆ ಫಿಸಿಕ್ಸ್: ಹೋಮಿ ಭಾಭಾ

ನಮ್ಮಲ್ಲಿ ಎಷ್ಟೋ ಜನ ಇಂಜಿನಿಯರಿಂಗ್ ಸೇರಿದ್ದು ಮನೆಯವರ ಮಾತಿಗೆ. ಸಿಇಟಿ ಕೌನ್ಸೆಲಿಂಗ್ ಹೊತ್ತಿಗೆ ಅಪ್ಪ ಬ್ರಾಂಚ್ ಆರಿಸಿದರು, ನಾವು ತಲೆಯಾಡಿಸಿದೆವು, ಅಷ್ಟೇ. ಹಾಗೆ ಬಂದವರಿಗೆ ಮೂರನೇ ಸೆಮಿಸ್ಟರ್ ಹೊತ್ತಿಗೆ ಒಂದು ಪ್ರಶ್ನೆ ಕಾಡೋಕೆ ಶುರುವಾಗುತ್ತೆ: ಮನಸ್ಸಿಲ್ಲದೆ ಓದಿದ ವರ್ಷಗಳೆಲ್ಲ ದಂಡವಾ? ಈ ಪ್ರಶ್ನೆ ಇರೋರು ಹೋಮಿ ಜಹಾಂಗೀರ್ ಭಾಭಾ ಅವರ ಬದುಕನ್ನು ಒಮ್ಮೆ ನೋಡಬೇಕು. ಭಾರತದ ಅಣುಶಕ್ತಿ ಕಾರ್ಯಕ್ರಮದ ಪಿತಾಮಹ ಅಂತ ಜಿಕೆ ಪುಸ್ತಕದ ಒಂದೇ ಸಾಲಿನಲ್ಲಿ ಮುಗಿದುಹೋಗುವ ಈ ಮನುಷ್ಯ ಕೇಂಬ್ರಿಜ್‌ನಲ್ಲಿ ಮೊದಲು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಅದೂ ಅಪ್ಪನ ಆಸೆಗೆ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈಯ ಅನುಕೂಲಸ್ಥ ಪಾರ್ಸಿ ಮನೆತನದಲ್ಲಿ. ತಂದೆ ಜಹಾಂಗೀರ್ ವಕೀಲರು. ಸೋದರತ್ತೆ ಮೆಹರ್‌ಬಾಯಿ, ದೊರಾಬ್‌ಜಿ ಟಾಟಾ ಅವರ ಪತ್ನಿ. ಹುಡುಗ ಕೇಂಬ್ರಿಜ್‌ನಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದು ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಅನ್ನೋದು ಹಿರಿಯರ ಲೆಕ್ಕಾಚಾರ. 1927ರಲ್ಲಿ ಭಾಭಾ ಕೇಂಬ್ರಿಜ್‌ಗೆ ಹೋದರು. ಆದರೆ ಅಲ್ಲಿ ಆಗ ಭೌತವಿಜ್ಞಾನವೇ ಮಗ್ಗುಲು ಬದಲಿಸುತ್ತಿದ್ದ ಕಾಲ. ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ರುದರ್‌ಫರ್ಡ್, ಗಣಿತದ ಕಡೆ ಡಿರಾಕ್. ಇವರ ನಡುವೆ ಕೂತು ಯಂತ್ರಗಳ ಡ್ರಾಯಿಂಗ್ ಎಳೆಯೋಕೆ ಯಾರಿಗೆ ಮನಸ್ಸು ಬರುತ್ತೆ? ಮರುವರ್ಷವೇ ಅಪ್ಪನಿಗೆ ಪತ್ರ ಬರೆದು, ತಮಗೆ ಬೇಕಿರೋದು ಭೌತವಿಜ್ಞಾನವೇ, ದೊಡ್ಡ ಕಂಪನಿಯ ದೊಡ್ಡ ಹುದ್ದೆ ತಮಗೆ ಒಗ್ಗೋದಿಲ್ಲ ಅಂತ ತಿಳಿಸಿಬಿಟ್ಟರು.

ಅಪ್ಪ ಸಿಟ್ಟಾಗಲಿಲ್ಲ, ಪೂರ್ತಿ ಒಪ್ಪಲೂ ಇಲ್ಲ. ಒಂದು ಒಪ್ಪಂದಕ್ಕೆ ಬಂದರು. ಇಂಜಿನಿಯರಿಂಗ್‌ನಲ್ಲಿ ಫಸ್ಟ್ ಕ್ಲಾಸ್ ತಂದರೆ ಅಲ್ಲೇ ಉಳಿದು ಗಣಿತ ಓದೋಕೆ ಖರ್ಚು ಕೊಡೋದು. 1930ರಲ್ಲಿ ಮಗ ಫಸ್ಟ್ ಕ್ಲಾಸ್ ತಂದರು. ಮಾತು ಉಳಿಸಿಕೊಂಡು ಅಪ್ಪನನ್ನೂ ಮಾತಿಗೆ ಕಟ್ಟಿಹಾಕಿದರು. ಮುಂದೆ ಗಣಿತದಲ್ಲೂ ಫಸ್ಟ್ ಕ್ಲಾಸ್, ಆಮೇಲೆ ಪಿಎಚ್‌ಡಿ.

ಅವರು ಹಿಡಿದ ವಿಷಯ ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಭೂಮಿಯತ್ತ ನುಗ್ಗಿಬರುವ ಭಾರೀ ವೇಗದ ಕಣಗಳು. ಇಂಥ ಒಂದು ಕಣ ವಾತಾವರಣಕ್ಕೆ ಬಡಿದರೆ ಹೊಸ ಕಣಗಳು ಹುಟ್ಟುತ್ತವೆ, ಅವುಗಳಿಂದ ಮತ್ತಷ್ಟು. ಕೆಳಗೆ ಬರುವ ಹೊತ್ತಿಗೆ ಅದೊಂದು ಕಣಗಳ ಮಳೆ. ಈ ಮಳೆ ಹೇಗಾಗುತ್ತೆ ಅನ್ನೋದನ್ನು 1937ರಲ್ಲಿ ವಾಲ್ಟರ್ ಹೈಟ್ಲರ್ ಜೊತೆ ಸೇರಿ ಭಾಭಾ ಲೆಕ್ಕ ಹಾಕಿ ತೋರಿಸಿದರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದಕ್ಕೊಂದು ತಾಗಿ ಚದುರುವ ಕ್ರಿಯೆಗೆ ಇವತ್ತಿಗೂ ಭಾಭಾ ಸ್ಕ್ಯಾಟರಿಂಗ್ ಅಂತಲೇ ಹೆಸರು. ಎಲೆಕ್ಟ್ರಾನ್-ಪಾಸಿಟ್ರಾನ್ ಕೊಲೈಡರ್‌ಗಳಲ್ಲಿ ಡಿಕ್ಕಿಗಳ ಪ್ರಮಾಣ ಅಳೆಯೋಕೆ ಅದನ್ನೇ ಅಳತೆಗೋಲಾಗಿ ಬಳಸುತ್ತಾರೆ.

1939ರಲ್ಲಿ ರಜೆಗೆ ಅಂತ ಊರಿಗೆ ಬಂದಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ವಾಪಸು ಹೋಗುವ ದಾರಿ ಮುಚ್ಚಿತು. ಆಗ ಅವರು ಬಂದು ಸೇರಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಜಾಗ. ಭೌತವಿಜ್ಞಾನ ವಿಭಾಗದಲ್ಲಿ ಸಿ.ವಿ. ರಾಮನ್ ಇದ್ದರು. ಭಾಭಾ ಅಲ್ಲೊಂದು ಕಾಸ್ಮಿಕ್ ಕಿರಣ ಸಂಶೋಧನಾ ಘಟಕ ಕಟ್ಟಿದರು. ಕಾಗದದ ಮೇಲಿನ ಲೆಕ್ಕದಲ್ಲೇ ಮುಳುಗಿದ್ದವರು ಇಲ್ಲಿ ಉಪಕರಣಕ್ಕೂ ಕೈ ಹಾಕಿದರು. ಕಣ ಎಣಿಸುವ ಗೈಗರ್ ಕೌಂಟರ್‌ಗಳನ್ನು ವಿಮಾನದಲ್ಲಿಟ್ಟು ಬೆಂಗಳೂರಿನ ಮೇಲೆ ಹಾರಿಸಿ ಅಳತೆ ತೆಗೆದರು. 1941ರಲ್ಲಿ, ಇನ್ನೂ 31ರ ವಯಸ್ಸಿನಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ಯುದ್ಧ ಮುಗಿದ ಮೇಲೆ ಹಿಂದಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ಒಳ್ಳೆ ಸಂಶೋಧನೆಗಾಗಿ ಹುಡುಗರು ಹಡಗು ಹತ್ತುವ ಬದಲು ಅಂಥ ಜಾಗವನ್ನೇ ಇಲ್ಲಿ ಕಟ್ಟಬೇಕು ಅಂತ 1944ರ ಮಾರ್ಚ್‌ನಲ್ಲಿ ದೊರಾಬ್‌ಜಿ ಟಾಟಾ ಟ್ರಸ್ಟ್‌ಗೆ ಪತ್ರ ಬರೆದರು. ಒಂದೆರಡು ದಶಕದಲ್ಲಿ ಅಣುಶಕ್ತಿಯಿಂದ ವಿದ್ಯುತ್ ತೆಗೆಯೋ ಕಾಲ ಬಂದರೆ, ತಜ್ಞರಿಗಾಗಿ ಹೊರಗೆ ಹುಡುಕಬೇಕಾಗಬಾರದು ಅನ್ನೋ ಮಾತೂ ಆ ಪತ್ರದಲ್ಲಿತ್ತು. ಗಮನಿಸಿ, ಹಿರೋಷಿಮಾದ ಮೇಲೆ ಬಾಂಬ್ ಬೀಳೋಕೆ ಆಗ ಇನ್ನೂ ವರ್ಷಕ್ಕಿಂತ ಹೆಚ್ಚು ಸಮಯವಿತ್ತು! ಆ ಪತ್ರದಿಂದ ಹುಟ್ಟಿದ್ದೇ ಟಿಐಎಫ್‌ಆರ್, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. 1945ರ ಜೂನ್‌ನಲ್ಲಿ ಅದು ಶುರುವಾದದ್ದು ಬೆಂಗಳೂರಿನಲ್ಲೇ. ಅದೇ ವರ್ಷದ ಕೊನೆಗೆ ಮುಂಬೈಗೆ ಹೋಯಿತು.

1948ರಲ್ಲಿ ಅಣುಶಕ್ತಿ ಆಯೋಗ ರಚನೆಯಾದಾಗ ಭಾಭಾ ಅದರ ಅಧ್ಯಕ್ಷರಾದರು. 1954ರಲ್ಲಿ ಅಣುಶಕ್ತಿ ಇಲಾಖೆ ಬಂತು, ಮುಂಬೈ ಬಳಿಯ ಟ್ರಾಂಬೆಯಲ್ಲಿ ಸಂಶೋಧನಾ ಕೇಂದ್ರದ ಕೆಲಸ ಶುರುವಾಯಿತು. ಅಲ್ಲಿಂದ ಮುಂದೆ ಅಪ್ಪ ಓದಿಸಿದ ಇಂಜಿನಿಯರಿಂಗ್ ಮಾತಾಡತೊಡಗಿತು ಅಂತ ನಮಗನಿಸುತ್ತೆ. ರಿಯಾಕ್ಟರ್ ಅಂದರೆ ಬರೀ ಸಮೀಕರಣ ಅಲ್ಲ. ಕಾಂಕ್ರೀಟ್ ಬೇಕು, ಪಂಪ್ ಬೇಕು, ವೆಲ್ಡಿಂಗ್ ಬೇಕು, ಕಂಟ್ರೋಲ್ ಸರ್ಕ್ಯೂಟ್ ಬೇಕು. 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರ್ ಚಾಲೂ ಆಯಿತು. ನೀರಿನ ಕೊಳದಲ್ಲಿ ಇಂಧನ ಇಳಿಬಿಟ್ಟ ರಿಯಾಕ್ಟರ್ ಅದು. ಆ ನೀರೇ ತಂಪು ಮಾಡುತ್ತೆ, ನ್ಯೂಟ್ರಾನ್‌ಗಳ ವೇಗ ತಗ್ಗಿಸುತ್ತೆ, ವಿಕಿರಣಕ್ಕೂ ತಡೆಯಾಗುತ್ತೆ. ಯುರೇನಿಯಂ ಇಂಧನ ಬ್ರಿಟನ್ನಿನಿಂದ ಬಂತು, ರಿಯಾಕ್ಟರ್ ಕಟ್ಟಿದ್ದು ನಮ್ಮವರು. ಎ.ಎಸ್. ರಾವ್ ಅವರ ತಂಡ ಎಲೆಕ್ಟ್ರಾನಿಕ್ ನಿಯಂತ್ರಣ ಉಪಕರಣಗಳನ್ನು ಇಲ್ಲೇ ತಯಾರಿಸಿತು. ಆ ಕೆಲಸದ ಬೇರಿನಿಂದಲೇ ಮುಂದೆ, 1967ರಲ್ಲಿ, ಹೈದರಾಬಾದಿನ ಇಸಿಐಎಲ್ ಚಿಗುರಿತು.

ಭಾಭಾ ಅವರ ದೊಡ್ಡ ಲೆಕ್ಕ ಥೋರಿಯಂದು. ನಮ್ಮಲ್ಲಿ ಯುರೇನಿಯಂ ಕಡಿಮೆ, ಕೇರಳ ಮತ್ತು ತಮಿಳುನಾಡಿನ ಕಡಲತೀರದ ಮರಳಿನಲ್ಲಿ ಥೋರಿಯಂ ಹೇರಳ. ಆದರೆ ಥೋರಿಯಂ ತಾನಾಗಿ ಉರಿಯೋ ಇಂಧನವಲ್ಲ, ನ್ಯೂಟ್ರಾನ್ ತಿನ್ನಿಸಿ ಅದನ್ನು ಯುರೇನಿಯಂ-233 ಮಾಡಬೇಕು. ಅದಕ್ಕೆ ಅವರು ಮೂರು ಮೆಟ್ಟಿಲು ಹಾಕಿದರು. ಮೊದಲು ಸಹಜ ಯುರೇನಿಯಂ ಬಳಸಿ ವಿದ್ಯುತ್ತಿನ ಜೊತೆ ಪ್ಲುಟೋನಿಯಂ ಪಡೆಯೋದು, ಆಮೇಲೆ ಆ ಪ್ಲುಟೋನಿಯಂನಿಂದ ಬ್ರೀಡರ್ ರಿಯಾಕ್ಟರ್ ನಡೆಸೋದು, ಕೊನೆಗೆ ಥೋರಿಯಂ. ಉತ್ತರ ಕನ್ನಡದ ಕೈಗಾದಲ್ಲಿರುವ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್‌ಗಳು ಇದರ ಮೊದಲ ಮೆಟ್ಟಿಲಿಗೆ ಸೇರಿದವು.

ಹೊಗಳಿಕೆ ಒಂದನ್ನೇ ಬರೆದರೆ ಇಂಜಿನಿಯರುಗಳಾದ ನಾವು ಲೆಕ್ಕ ತಪ್ಪಿದಂತೆ. 1980ರ ಹೊತ್ತಿಗೆ 8,000 ಮೆಗಾವ್ಯಾಟ್ ಅಣುವಿದ್ಯುತ್ ಅನ್ನೋದು ಭಾಭಾ ಕಾಲದ ಅಂದಾಜು. ಆ ವರ್ಷ ಬಂದಾಗ ಸಾವಿರವೂ ಮುಟ್ಟಿರಲಿಲ್ಲ. ಥೋರಿಯಂ ಮೆಟ್ಟಿಲು ಇನ್ನೂ ದೂರವೇ ಇದೆ. ಶಾಂತಿಗಾಗಿ ಅಣು ಎಂಬ ವಿಷಯದ ಮೇಲೆ 1955ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕೆನಡಾದ ನೆರವಿನಿಂದ 1960ರಲ್ಲಿ ಟ್ರಾಂಬೆಯಲ್ಲಿ ಶುರುವಾದ ಸೈರಸ್ ರಿಯಾಕ್ಟರಿನ ಪ್ಲುಟೋನಿಯಂ 1974ರ ಪೋಖರಣ್ ಸ್ಫೋಟಕ್ಕೆ ಬಳಕೆಯಾಯಿತು. ಈ ಎರಡು ಮುಖಗಳೂ ಅವರ ಪರಂಪರೆಯೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಚ್ಚಿಡೋಕೆ ಆಗಲ್ಲ.

1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಇದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. ಅದರಲ್ಲಿದ್ದ 117 ಜನರಲ್ಲಿ ಯಾರೂ ಉಳಿಯಲಿಲ್ಲ. ಅವರಿಗಾಗ 56 ವರ್ಷ. ಮದುವೆಯಾಗಿರಲಿಲ್ಲ. ಚಿತ್ರ ಬರೆಯುತ್ತಿದ್ದರು, ಸಂಗೀತ ಅಂದರೆ ಪ್ರಾಣ. ಕಟ್ಟಡಕ್ಕೆ ಅಡ್ಡ ಬಂದ ಮರವನ್ನು ಕಡಿಯದೆ ಬೇರುಸಮೇತ ಎತ್ತಿ ಬೇರೆಡೆ ನೆಡಿಸುತ್ತಿದ್ದರು. ಮರುವರ್ಷ ಟ್ರಾಂಬೆ ಕೇಂದ್ರಕ್ಕೆ ಭಾಭಾ ಅಣು ಸಂಶೋಧನಾ ಕೇಂದ್ರ ಅಂತ ಹೆಸರಾಯಿತು.

ಇಷ್ಟು ದೊಡ್ಡ ಕೆಲಸ ಒಬ್ಬರ ಹೆಗಲ ಮೇಲಿದ್ದರೆ ಅವರು ಹೋದ ದಿನವೇ ಅದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕಾರಣ, 1957ರಲ್ಲೇ ಟ್ರಾಂಬೆಯಲ್ಲಿ ಅವರು ಶುರುಮಾಡಿದ ತರಬೇತಿ ಶಾಲೆ. ಆಗತಾನೇ ಡಿಗ್ರಿ ಮುಗಿಸಿದ ವಿಜ್ಞಾನ ಮತ್ತು ಇಂಜಿನಿಯರಿಂಗ್ ಹುಡುಗ ಹುಡುಗಿಯರನ್ನು ಆರಿಸಿ, ಒಂದು ವರ್ಷ ಒಟ್ಟಿಗೆ ಕೂರಿಸಿ ಕಲಿಸುವ ಶಾಲೆ ಅದು. ಮೆಕ್ಯಾನಿಕಲ್‌ನವರು ನ್ಯೂಕ್ಲಿಯರ್ ಫಿಸಿಕ್ಸ್ ಓದಬೇಕು, ಫಿಸಿಕ್ಸ್‌ನವರು ಇಂಜಿನಿಯರಿಂಗ್ ತಿಳಿಯಬೇಕು. ಒಂದು ಕಾಲಕ್ಕೆ ಅಪ್ಪನಿಗೂ ಮಗನಿಗೂ ನಡುವೆ ಜಗ್ಗಾಟವಾಗಿದ್ದ ಎರಡು ವಿಷಯಗಳು ಅಲ್ಲಿ ಒಂದೇ ಬೆಂಚಿನಲ್ಲಿ ಕೂತವು. ಆ ಶಾಲೆ ಈಗಲೂ ಪ್ರತಿವರ್ಷ ಹೊಸಬರನ್ನು ತೆಗೆದುಕೊಳ್ಳುತ್ತೆ. ಪ್ಲೇಸ್‌ಮೆಂಟ್ ಪಟ್ಟಿ ನೋಡುವಾಗ ಆ ಅರ್ಜಿಯನ್ನೂ ಒಮ್ಮೆ ತೆರೆದು ನೋಡಿ, ಬ್ರಾಂಚ್ ಯಾರು ಆರಿಸಿದ್ದರೂ ಸರಿ.