ನಿಜಲಿಂಗಪ್ಪನವರು ಮತ್ತು ಅಂತಃಸಾಕ್ಷಿಯ ಮತ



ಬೊಮ್ಮನಹಳ್ಳಿಯಿಂದ ಹೊಸೂರು ರಸ್ತೆ ಹಿಡಿದು, ಮಡಿವಾಳ, ಡೈರಿ ಸರ್ಕಲ್ ದಾಟಿ ನೀವು ಎಷ್ಟೋ ಸಲ ಲಾಲ್‌ಬಾಗಿಗೆ ಹೋಗಿರುತ್ತೀರಿ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಕ್ಕಳ ಕೈ ಹಿಡಿದುಕೊಂಡು ಗಾಜಿನ ಮನೆಯ ಮುಂದೆ ಸಾಲಿನಲ್ಲಿ ನಿಂತಿರುತ್ತೀರಿ. ಬೊಮ್ಮನಹಳ್ಳಿ ಇನ್ನೂ ಊರಾಚೆಯ ಹಳ್ಳಿಯಾಗಿದ್ದ ಕಾಲದಲ್ಲಿ, 1969ರ ಜುಲೈ ತಿಂಗಳಲ್ಲಿ, ಅದೇ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತ್ತು. ಆ ಕೆಲವೇ ದಿನಗಳಲ್ಲಿ, ಇದೇ ಊರಿನಲ್ಲಿ, ದೇಶದ ರಾಷ್ಟ್ರಪತಿ ಯಾರಾಗಬೇಕೆಂದು ಎಂಟು ಜನ ಕುಳಿತು ತೀರ್ಮಾನಿಸಿದರು. ಆ ಎಂಟು ಜನರ ಅಧ್ಯಕ್ಷರಾಗಿದ್ದವರು ನಮ್ಮ ನಾಡಿನವರೇ ಆದ ಸಿದ್ದವ್ವನಹಳ್ಳಿ ನಿಜಲಿಂಗಪ್ಪನವರು. ಅವರ ಕಥೆಯನ್ನು ಇಂದು ನಿಮಗೆ ಹೇಳಬೇಕೆನಿಸಿದೆ.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲು ಎಂಬ ಸಣ್ಣ ಹಳ್ಳಿಯಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ಶಿಕ್ಷಣ, ನಂತರ ಚಿತ್ರದುರ್ಗದಲ್ಲಿ ವಕೀಲಿ. ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಸೆರೆಮನೆಯನ್ನೂ ಕಂಡರು. ರಾಜ್ಯಾಂಗ ರಚನಾ ಸಭೆಯ ಸದಸ್ಯರಾಗಿದ್ದರು. ಆದರೆ ಅವರ ಮನಸ್ಸನ್ನು ತುಂಬಿದ್ದ ಕೆಲಸ ಒಂದೇ: ಐದು ಕಡೆ ಹರಿದು ಹಂಚಿಹೋಗಿದ್ದ ಕನ್ನಡಿಗರನ್ನು ಒಂದು ಸೂರಿನ ಕೆಳಗೆ ತರುವುದು. 1956ರ ನವೆಂಬರ್ 1ರಂದು ಅದು ಕೈಗೂಡಿದಾಗ ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿ ಅವರೇ.

1962ರ ಚುನಾವಣೆಯಲ್ಲಿ ಅವರು ಹೊಸದುರ್ಗದಲ್ಲಿ ಸೋತರು. ಪಕ್ಷ ಗೆದ್ದಿತ್ತು, ನಾಯಕರು ಸೋತಿದ್ದರು! ಎಸ್. ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬಂದೊಡನೆ ಸ್ಥಾನ ಬಿಟ್ಟುಕೊಟ್ಟರು. ಕಂಠಿಯವರದು ದೊಡ್ಡ ಮನಸ್ಸು ಎಂದು ನಾವು ಮೆಚ್ಚುತ್ತೇವೆ, ಮೆಚ್ಚಲೇಬೇಕು. ಆದರೂ ಒಂದು ಮಾತು. ಮತದಾರ ಬೇಡವೆಂದವರನ್ನು ಪಕ್ಷದ ಹಿರಿಯರು ಬೇಕೆಂದು ಕರೆತಂದ ಪ್ರಸಂಗವಿದು. ಪಕ್ಷದ ಒಳಮನೆಯ ಬಲವೇನೆಂಬುದು ನಿಜಲಿಂಗಪ್ಪನವರಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು.

ಆ ಒಳಮನೆ ದೆಹಲಿಯಲ್ಲಿಯೂ ಇತ್ತು. ಮದ್ರಾಸಿನ ಕಾಮರಾಜ್, ಬಂಗಾಳದ ಅತುಲ್ಯ ಘೋಷ್, ಮುಂಬಯಿಯ ಎಸ್. ಕೆ. ಪಾಟೀಲ್, ಆಂಧ್ರದ ನೀಲಂ ಸಂಜೀವ ರೆಡ್ಡಿ, ಇವರ ಜೊತೆ ನಮ್ಮ ನಿಜಲಿಂಗಪ್ಪನವರು. ಪತ್ರಿಕೆಗಳು ಈ ಗುಂಪಿಗೆ ಸಿಂಡಿಕೇಟ್ ಎಂದು ಹೆಸರಿಟ್ಟವು. 1966ರ ಜನವರಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ತೀರಿಕೊಂಡಾಗ ಮೊರಾರ್ಜಿ ದೇಸಾಯಿಯವರನ್ನು ತಪ್ಪಿಸಿ ಇಂದಿರಾ ಗಾಂಧಿಯವರನ್ನು ಪ್ರಧಾನಿಯಾಗಿಸುವುದರಲ್ಲಿ ಈ ಹಿರಿಯರ ಕೈ ದೊಡ್ಡದು. ತಾವು ಕೂರಿಸಿದ ಹೆಣ್ಣುಮಗಳು ತಮ್ಮ ಮಾತು ಮೀರಲಾರರು ಎಂದು ಅವರು ನಂಬಿದ್ದಿರಬೇಕು.

1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷ ಪೀಠವೇರಿ, ಅದೇ ವರ್ಷದ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟರು. ಮರುವರ್ಷ, 1969ರ ಮೇ 3ರಂದು, ರಾಷ್ಟ್ರಪತಿ ಜಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಯಾದರು. ಈ ಗಿರಿಯವರು 1965ರಿಂದ 1967ರವರೆಗೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದವರು. ಅಂದರೆ ನಿಜಲಿಂಗಪ್ಪನವರ ಸಂಪುಟಕ್ಕೆ ಪ್ರಮಾಣವಚನ ಬೋಧಿಸಿದವರು.

ರಾಷ್ಟ್ರಪತಿ ಎಂದರೆ ಮುದ್ರೆ ಒತ್ತುವವರಷ್ಟೇ ಅಲ್ಲವೇ ಎಂದು ನೀವು ಕೇಳಬಹುದು. ಪ್ರಧಾನಿಗೆ ಬಹುಮತವಿಲ್ಲದಾಗ ಯಾರನ್ನು ಕರೆದು ಸರ್ಕಾರ ರಚಿಸಿ ಎನ್ನಬೇಕೆಂಬುದು ರಾಷ್ಟ್ರಪತಿಯ ಕೈಯಲ್ಲಿರುತ್ತದೆ. 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಬಹುಮತ ತೆಳುವಾಗಿತ್ತು. ಹಿರಿಯರ ಕಡೆಯವರೊಬ್ಬರು ರಾಷ್ಟ್ರಪತಿ ಭವನದಲ್ಲಿ ಕುಳಿತರೆ ತಮ್ಮ ಕುರ್ಚಿ ಅಲುಗಾಡುತ್ತದೆಂಬ ಅಳುಕು ಇಂದಿರಾ ಅವರಿಗಿತ್ತು.

ಬೆಂಗಳೂರಿನಲ್ಲಿ ಪಕ್ಷದ ಪಾರ್ಲಿಮೆಂಟರಿ ಮಂಡಲಿ ಸೇರಿದಾಗ ಹಿರಿಯರು ಸಂಜೀವ ರೆಡ್ಡಿಯವರ ಹೆಸರನ್ನು ಮುಂದಿಟ್ಟರು. ಇಂದಿರಾ ಅವರು ಜಗಜೀವನ ರಾಮರ ಹೆಸರು ಹೇಳಿದರು. ಅದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, ದಲಿತ ನಾಯಕರೊಬ್ಬರನ್ನು ಬೇಡವೆನ್ನುವುದು ಯಾರಿಗೂ ಸುಲಭವಲ್ಲ. ಮತಕ್ಕೆ ಹಾಕಿದಾಗ ಕಾಮರಾಜ್, ಮೊರಾರ್ಜಿ, ಪಾಟೀಲ್, ಚವಾಣ್ ಈ ನಾಲ್ವರು ರೆಡ್ಡಿಯವರ ಕಡೆ. ಇಂದಿರಾ ಮತ್ತು ಫಕ್ರುದ್ದೀನ್ ಅಲಿ ಅಹಮದ್ ಇಬ್ಬರೇ ಆ ಕಡೆ. ಕೋಟ್ಯಂತರ ಜನರಿರುವ ದೇಶದ ಪ್ರಥಮ ಪ್ರಜೆಯ ಹೆಸರು ನಾಲ್ಕು ಮತ, ಎರಡು ಮತದ ಲೆಕ್ಕದಲ್ಲಿ ಗೊತ್ತಾಯಿತು. ಅಧ್ಯಕ್ಷರಾದ ನಿಜಲಿಂಗಪ್ಪನವರ ಪಾಲಿಗೆ ಅಲ್ಲಿಗೆ ವಿಷಯ ಮುಗಿದಿತ್ತು. ಮಂಡಲಿ ಸೇರಿತು, ಚರ್ಚೆಯಾಯಿತು, ಬಹುಮತದಿಂದ ತೀರ್ಮಾನವಾಯಿತು. ಇನ್ನು ಎಲ್ಲರೂ ಅದಕ್ಕೆ ತಲೆಬಾಗಬೇಕು. ಹಳೆಯ ಕಾಂಗ್ರೆಸ್ಸಿಗರ ಶಿಸ್ತು ಅದು.

ಮುಂದಿನ ದಿನಗಳು ಬಿರುಗಾಳಿಯಂತೆ ಸಾಗಿದವು. ಜುಲೈ 16ರಂದು ಇಂದಿರಾ ಅವರು ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರಂದು ಸುಗ್ರೀವಾಜ್ಞೆಯ ಮೂಲಕ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅದಕ್ಕೆ ಸಹಿ ಹಾಕಿದ ಗಿರಿಯವರು ಮರುದಿನವೇ ರಾಜೀನಾಮೆ ಕೊಟ್ಟು ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದರು. ವಿಚಿತ್ರವೆಂದರೆ ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರು ಸ್ವತಃ ಇಂದಿರಾ ಅವರೇ!

ಇಲ್ಲಿ ನಿಜಲಿಂಗಪ್ಪನವರು ಎಡವಿದರೆಂದು ನನ್ನ ಅಭಿಪ್ರಾಯ. ರಾಷ್ಟ್ರಪತಿ ಚುನಾವಣೆಯಲ್ಲಿ ಸಂಸದರೂ ಶಾಸಕರೂ ಒಂದನೆಯ, ಎರಡನೆಯ ಪ್ರಾಶಸ್ತ್ಯ ಎಂದು ಗುರುತು ಮಾಡುತ್ತಾರೆ. ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಅಭ್ಯರ್ಥಿ ಸಿ. ಡಿ. ದೇಶಮುಖ್. ಅವರ ಮತದಾರರ ಎರಡನೆಯ ಪ್ರಾಶಸ್ತ್ಯವಾದರೂ ರೆಡ್ಡಿಯವರಿಗೆ ಬೀಳಲಿ ಎಂದು ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರನ್ನು ಕಂಡು ಮಾತಾಡಿದರು. ಲೆಕ್ಕಾಚಾರಕ್ಕೆ ಸರಿಯೇ. ಆದರೆ ಇಂದಿರಾ ಅವರ ಬಳಗ ಕಾಯುತ್ತಿದ್ದದ್ದೂ ಇಂಥದೊಂದು ನೆಪಕ್ಕೇ. ಎದುರು ಪಕ್ಷದೊಂದಿಗೆ ಕೈಜೋಡಿಸಿದರೆಂಬ ಆಪಾದನೆ ಎದ್ದಿತು. ಅಧ್ಯಕ್ಷರು ವಿಪ್ ಹೊರಡಿಸಿರೆಂದು ಕೇಳಿದರು, ಪ್ರಧಾನಿ ಒಪ್ಪಲಿಲ್ಲ. ಸದಸ್ಯರು ತಮ್ಮ ತಮ್ಮ ಅಂತಃಸಾಕ್ಷಿಯಂತೆ ಮತ ಹಾಕಲೆಂದರು.

ಅಂತಃಸಾಕ್ಷಿ ಎಂಬ ಪದ ನಿಮಗೆ ಹೊಸದಲ್ಲ. ಪಾಪನಿವೇದನೆಗೆ ಮುನ್ನ ಅದನ್ನು ಶೋಧಿಸಿಕೊಳ್ಳಬೇಕೆಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದವರು ನಾವು. ತಾನು ಸೋಲುವ ಸಂಭವವಿದ್ದಾಗ ಮಾತ್ರ ನೆನಪಿಗೆ ಬರುವ ಅಂತಃಸಾಕ್ಷಿ ಎಂಥದು? ಆದರೆ ಎಂಟು ಜನರ ತೀರ್ಮಾನಕ್ಕೆ ಸಾವಿರಾರು ಚುನಾಯಿತ ಪ್ರತಿನಿಧಿಗಳು ಕಣ್ಣು ಮುಚ್ಚಿ ಗುರುತು ಒತ್ತಬೇಕೇ ಎಂಬ ಪ್ರಶ್ನೆಯನ್ನೂ ತಳ್ಳಿಹಾಕಲಾಗದು. ಈಗಿನ ನಿಯಮದಂತೆ ರಾಷ್ಟ್ರಪತಿ ಚುನಾವಣೆಗೆ ಯಾವ ಪಕ್ಷವೂ ವಿಪ್ ಹೊರಡಿಸುವಂತಿಲ್ಲ. ಮತ ಗುಪ್ತವಾದುದು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರಿಗೂ ಬೇಕಾದಷ್ಟು ಬರಲಿಲ್ಲ. ಎರಡನೆಯ ಪ್ರಾಶಸ್ತ್ಯಗಳನ್ನು ಸೇರಿಸಿದಾಗ ಗಿರಿಯವರದು 4,20,077, ರೆಡ್ಡಿಯವರದು 4,05,427. ಆಗ ಒಬ್ಬ ಸಂಸದನ ಮತದ ಮೌಲ್ಯ 576. ಎಂದರೆ ಅಂತರವೆಲ್ಲಾ ಸೇರಿ ಇಪ್ಪತ್ತಾರು ಸಂಸದರ ಮತಕ್ಕೂ ಸಾಲದಷ್ಟು! ಅಧಿಕೃತ ಅಭ್ಯರ್ಥಿಯನ್ನು ಸ್ವಂತ ಪಕ್ಷದವರೇ ಸೋಲಿಸಿದ್ದರು.

ನವೆಂಬರ್ 12ರಂದು ನಿಜಲಿಂಗಪ್ಪನವರ ಕಾರ್ಯಕಾರಿ ಸಮಿತಿ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿತು. ಕಾಂಗ್ರೆಸ್ ಎರಡಾಯಿತು. ನಮ್ಮ ರಾಜ್ಯದಲ್ಲಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜೊತೆ ಉಳಿದರು, ದೇವರಾಜ ಅರಸರು ಇಂದಿರಾ ಅವರತ್ತ ನಡೆದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಪಕ್ಷದ ಪಾಲಾದವು. ಕನ್ನಡ ನಾಡನ್ನು ಒಂದುಗೂಡಿಸಿದವರೆಂದು ಹೆಸರಾದವರ ಅಧ್ಯಕ್ಷತೆಯಲ್ಲೇ ಪಕ್ಷ ಒಡೆದದ್ದು ಆ ಹಿರಿಯ ಜೀವಕ್ಕೆ ಎಷ್ಟು ನೋವು ತಂದಿರಬೇಕೆಂದು ನೀವೇ ಊಹಿಸಿ.

ಹಾಗಾದರೆ ಒಳಮನೆಯ ತೀರ್ಮಾನ ಅಲ್ಲಿಗೆ ಕೊನೆಗೊಂಡಿತೇ? ಎಂಟು ಜನರಿದ್ದ ಕಡೆ ಒಬ್ಬರಾದರು, ಅಷ್ಟೇ. 1974ರಲ್ಲಿ ಫಕ್ರುದ್ದೀನ್ ಅಲಿ ಅಹಮದರು, 1982ರಲ್ಲಿ ಜೈಲ್ ಸಿಂಗರು, ಇಬ್ಬರೂ ಇಂದಿರಾ ಅವರ ಆಯ್ಕೆಯೇ. ಬೆಂಗಳೂರಿನಲ್ಲಿ ಕೊನೇಪಕ್ಷ ಕೈಯೆತ್ತಿ ಎಣಿಸುವ ಸಂದರ್ಭವಾದರೂ ಇತ್ತು.

ನಿಜಲಿಂಗಪ್ಪನವರು ಕ್ರಮೇಣ ರಾಜಕೀಯದಿಂದ ದೂರ ಸರಿದು ಚಿತ್ರದುರ್ಗದಲ್ಲಿ ಸರಳವಾಗಿ ಬಾಳಿದರು. ತಮ್ಮ ಬದುಕಿನ ನೆನಪುಗಳನ್ನು ಬರೆದಿಟ್ಟರು. 2000ದ ಆಗಸ್ಟ್ 8ರಂದು, 97 ತುಂಬಿದ್ದಾಗ, ಕಣ್ಣು ಮುಚ್ಚಿದರು. ಚಿತ್ರದುರ್ಗದ ಬಳಿಯ ಸೀಬಾರದಲ್ಲಿ ಅವರ ಸ್ಮಾರಕವಿದೆ.

ಇನ್ನು ಸಂಜೀವ ರೆಡ್ಡಿಯವರು. 1977ರ ಜುಲೈನಲ್ಲಿ, ಜನತಾ ಪಕ್ಷದ ಕಾಲದಲ್ಲಿ, ಅವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಅಲ್ಲಿಯವರೆಗೆ ಹಂಗಾಮಿಯಾಗಿದ್ದವರು ಜಮಖಂಡಿಯ ಬಿ. ಡಿ. ಜತ್ತಿಯವರು. ರೆಡ್ಡಿಯವರು 1996ರ ಜೂನ್ 1ರಂದು ತೀರಿಕೊಂಡದ್ದು ಇದೇ ಬೆಂಗಳೂರಿನಲ್ಲಿ. ಅವರ ಸಮಾಧಿ ಕಲ್ಪಳ್ಳಿಯಲ್ಲಿದೆ.