ಆನೆಯಿಂದಿಳಿದು ಕಾರು ಹತ್ತಿದ ಸಾಬು

ದುಡಿಯಲಿಕ್ಕೆ ಊರು ಬಿಡುವುದು ನಮ್ಮ ತುಳಸಿಗೇರಿ ಸೀಮೆಗೆ ಹೊಸದೇನಲ್ಲ. ಗೋವಾ, ಮಂಗಳೂರು, ಪುಣೆ ಅಂತ ಹೋದ ಮಂದಿ ಹಣಮಪ್ಪನ ಜಾತ್ರೆಗೆ ತಿರುಗಿ ಬರುತ್ತಾರೆ. ಕೆಲವರು ಬರುವುದೇ ಇಲ್ಲ. ಹಾಗೆ ಬಾರದೇ ಹೋದವನೊಬ್ಬನ ಕಥೆ ಇದು. ನಮ್ಮ ಜಿಲ್ಲೆಯವನಲ್ಲ, ಮೈಸೂರು ಕಡೆಯವನು. ಹೆಸರು ಸಾಬು. ಕೂಗುವ ಹೆಸರಲ್ಲ, ಇಟ್ಟ ಹೆಸರೇ ಅದು. ಒಂದು ಕಾಲಕ್ಕೆ ಲಂಡನ್, ಹಾಲಿವುಡ್ ಪೋಸ್ಟರುಗಳಲ್ಲಿ ದಪ್ಪಕ್ಷರದಲ್ಲಿ ಬರುತ್ತಿದ್ದ ಹೆಸರು.

ಹುಟ್ಟಿದ್ದು 1924ರ ಜನವರಿ 27ರಂದು, ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ. ಅಲ್ಲೇ ಹತ್ತಿರದ ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಆ ಖೆಡ್ಡಾ ಜಾಗ ಮುಂದೆ ಕಬಿನಿ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಮುಳುಗಡೆ ಅಂದರೇನು ಅಂತ ಬಾಗಲಕೋಟೆ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಮಹಾರಾಜರ ಆನೆಗಳ ಮಾವುತ. ತಾಯಿ ಮೊದಲೇ ಹೋಗಿದ್ದಳು. ಹುಡುಗ ಸಣ್ಣವನಿದ್ದಾಗಲೇ ಅಪ್ಪನೂ ತೀರಿಕೊಂಡ. ಹೊಲವಿಲ್ಲ, ಮನೆಯಿಲ್ಲ, ಮಗನಿಗೆ ಬಿಟ್ಟುಹೋದದ್ದು ಆನೆ ನಡೆಸುವ ವಿದ್ಯೆ ಒಂದನ್ನೇ. ಅರಮನೆಯ ಆನೆ ಲಾಯವೇ ಹುಡುಗನ ಶಾಲೆಯಾಯಿತು.

ಆಗ ಬಂದ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ. ಕಿಪ್ಲಿಂಗನ ಕಥೆಯನ್ನು ಸಿನಿಮಾ ಮಾಡುವುದಿತ್ತು. ಅವನ ತಂಡಕ್ಕೆ ಇಳಿದುಕೊಳ್ಳಲು ಮೈಸೂರಿನ ಚಿತ್ತರಂಜನ್ ಮಹಲೇ ಸಿಕ್ಕಿತು. ಬೇಕಾಗಿದ್ದದ್ದು ಆನೆಗೆ ಹೆದರದ ಒಬ್ಬ ಹುಡುಗ. ಲಾಯದಲ್ಲಿ ಸಾಬು ಕಣ್ಣಿಗೆ ಬಿದ್ದ. ಜೊತೆಗೆ ನಟಿಸಿದ್ದು ಅರಮನೆಯ ಐರಾವತ ಎಂಬ ಆನೆ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆ ಕಂಡಿತು. ಹುಡುಗನಿಗೆ ಆಗ ಬರೇ 13 ವರ್ಷ!

ಅಷ್ಟರಲ್ಲಿ ಅವನು ಅಣ್ಣ ಶೇಖ್ ದಸ್ತಗೀರನ ಜೊತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿಯಾಗಿತ್ತು. ಪುಸ್ತಕಗಳಲ್ಲೆಲ್ಲ ಅವನ ಹೆಸರು ಸಾಬು ದಸ್ತಗೀರ್ ಅಂತಲೇ ಇದೆ. ಅಣ್ಣನ ಹೆಸರು ತಮ್ಮನಿಗೆ ಅಂಟಿಕೊಂಡಿತು ಎನ್ನುತ್ತಾರೆ ಶೋಧ ಮಾಡಿದವರು. ಕಚೇರಿ ಕಾಗದದಲ್ಲಿ ಹೆಸರು ಕೆಡುವುದು ನಮ್ಮ ತಾಲೂಕಾ ಕಚೇರಿಯಲ್ಲಿ ಮಾತ್ರ ಅಂತ ತಿಳಿಯಬೇಡಿ.

‘ಥೀಫ್ ಆಫ್ ಬಾಗ್ದಾದ್’ ಶುರುವಾದದ್ದು ಇಂಗ್ಲೆಂಡಿನಲ್ಲಿ. ಯುದ್ಧ ಬಂದದ್ದರಿಂದ 1940ರಲ್ಲಿ ಮುಗಿದದ್ದು ಅಮೆರಿಕದಲ್ಲಿ. ಸಾಬು ಅಲ್ಲೇ ಉಳಿದ. 1942ರ ‘ಜಂಗಲ್ ಬುಕ್’ನಲ್ಲಿ ಮೋಗ್ಲಿಯಾದ.

ಈ ಮಾವುತನ ಮಗನಿಗೆ ಮೋಟಾರಿನ ಹುಚ್ಚು ಹಿಡಿಯಿತು ನೋಡ್ರಿ. ಕಾರೆಂದರೆ ಪ್ರಾಣ. ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಮಾವುತ ಆನೆಯ ಕುತ್ತಿಗೆ ಮೇಲೆ ಕೂತು, ಕಿವಿಯ ಹಿಂದೆ ಕಾಲ್ಬೆರಳು ಒತ್ತಿ ಎಡಕ್ಕೆ ಬಲಕ್ಕೆ ತಿರುಗಿಸುತ್ತಾನೆ. ಕಾಲಿನಲ್ಲೇ ಗಾಡಿ ಹೊಡೆಯುವ ಕಲೆ ಅವನಿಗೆ ಹುಟ್ಟಿನಿಂದ ಬಂದದ್ದು. ಕ್ಲಚ್ಚು, ಬ್ರೇಕು ಯಾವ ಲೆಕ್ಕ? ನಮ್ಮ ಬಸ್ ಡ್ರೈವರುಗಳು ಒಪ್ಪುತ್ತಾರೆ.

ಕಾರಿನಿಂದ ವಿಮಾನಕ್ಕೆ. 1944ರಲ್ಲಿ ಅಮೆರಿಕದ ಪೌರನಾಗಿ ವಾಯುಪಡೆ ಸೇರಿದ. ಬಿ-24 ಬಾಂಬರಿನ ಬಾಲದಲ್ಲಿ ಬಂದೂಕು ಹಿಡಿದು ಕೂತು ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಸಲ ಹಾರಿದ. ಸಿನಿಮಾದ ಶೌರ್ಯವಲ್ಲ ಇದು. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಿಕ್ಕಿತು.

ತಿರುಗಿ ಬಂದವನಿಗೆ ಹಾಲಿವುಡ್ ಕೊಟ್ಟದ್ದೇನು? ಮತ್ತದೇ ಪೇಟಾ, ಅದೇ ಕಾಡು. ಪದಕ ತಂದವನನ್ನು ಕಾಡಿನ ಹುಡುಗನಾಗಿಯೇ ನೋಡಿದರು. 1948ರಲ್ಲಿ ನಟಿ ಮರ್ಲಿನ್ ಕೂಪರ್ ಜೊತೆ ಮದುವೆಯಾಯಿತು, ಮಗ ಪಾಲ್, ಮಗಳು ಜಾಸ್ಮಿನ್ ಹುಟ್ಟಿದರು. ಸಂಸಾರ ನಡೆಯಬೇಕಲ್ಲ! 1950ರ ದಶಕದ ಆರಂಭದಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಮತ್ತೆ ಆನೆ ಆಡಿಸಿದ. ಅಪ್ಪ ಬಿಟ್ಟುಹೋದ ವಿದ್ಯೆ ಅಲ್ಲೂ ಅನ್ನ ಹಾಕಿತು.

ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಇವನನ್ನೇ ಬಯಸಿದ್ದರು. ಇಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಹುಟ್ಟಿದ ದೇಶದಲ್ಲೇ ಪರದೇಶಿ! ಪಾತ್ರ ಸುನಿಲ್ ದತ್ತರದಾಯಿತು.

1960ರಲ್ಲಿ ಹಾಲಿವುಡ್ಡಿನ ಫುಟ್‌ಪಾತಿನಲ್ಲಿ ಸಾಬು ಹೆಸರಿನ ನಕ್ಷತ್ರ ಹಾಕಿದರು. ಅದೇ ವರ್ಷ ಅಣ್ಣನ ಫರ್ನಿಚರ್ ಅಂಗಡಿಗೆ ದರೋಡೆಗೆ ನುಗ್ಗಿದವರು ಅಣ್ಣನನ್ನು ಕೊಂದರು. ಅಪ್ಪ ಸತ್ತ ಮೇಲೆ ಅಪ್ಪನಂತೆ ಇದ್ದ ಅಣ್ಣ ಅವನು. ಅಂಗಡಿ ಇಟ್ಟವರಿಗೆ ಇದರ ಸಂಕಟ ಬೇಗ ತಿಳಿದೀತು.

1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸಿನ ಚಾಟ್ಸ್‌ವರ್ತಿನಲ್ಲಿ ಹೃದಯಾಘಾತದಿಂದ ಸಾಬು ಹೋದ. ವಯಸ್ಸು 39. ಪಾಲ್‌ಗೆ ಆಗ 12 ವರ್ಷ, ಜಾಸ್ಮಿನ್ ಇನ್ನೂ ಚಿಕ್ಕವಳು. ತಾನು ಅಪ್ಪನನ್ನು ಕಳೆದುಕೊಂಡಂತೆ ಮಕ್ಕಳೂ ಕಳೆದುಕೊಂಡರು. ಮರುವರ್ಷ ಅವನ ಕಡೆಯ ಚಿತ್ರ ‘ಎ ಟೈಗರ್ ವಾಕ್ಸ್’ ಬಂತು. ಸತ್ತ ಅಪ್ಪ ತೆರೆ ಮೇಲೆ ಹುಲಿ ಪಳಗಿಸುವವನಾಗಿ ಓಡಾಡಿದ.

ಮಗ ಗಿಟಾರ್ ಹಿಡಿದು ರಾಕ್ ಸಂಗೀತಕ್ಕೆ ಹೋದ. ಮಗಳು ಕುದುರೆ ಪಳಗಿಸುವವಳಾದಳು, ಸಿನಿಮಾ ಕುದುರೆಗಳನ್ನೂ ತಯಾರು ಮಾಡಿದಳು. ಕಾರಾಪುರದ ಅಜ್ಜನ ಕಸುಬು ಮೂರನೇ ತಲೆಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಮುಂದುವರಿಯಿತು. 2001ರಲ್ಲಿ ಆಕೆಯೂ ತೀರಿಕೊಂಡಳು. ಸಾಬು ಮಣ್ಣಾಗಿರುವುದು ಹಾಲಿವುಡ್ ಗುಡ್ಡದ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ.